ವ್ಯಾಗನ್ನಿನ ಕೊನೆಯ ಅಂಕಿ

ಗಂಡನ ಸಾವಿಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಮುಖ ತೊಳೆದವಳೇ ಅವಳು ಬಣ್ಣ ಉಜ್ಜುವ ಉಪ್ಪುಕಾಗದ, ನೀರಿನ ಬಕೆಟ್ಟು ಹಿಡಿದು ಊಟದ ಮೇಜಿನ ಮುಂದೆ ಕೂತಳು. ಮೇಜಿನ ಮೇಲೆ ಒಂದು ಬಾಗಿಲು ಮಲಗಿತ್ತು. ಯಾವುದೋ ಕಾಲದ ಗೂಡ್ಸ್ ವ್ಯಾಗನ್ನಿನ ಮರದ ಬಾಗಿಲು. ಹಿಂದಿನ ಬೀದಿಯ ಅಜ್ಜಿ ತಮ್ಮ ಕೋಳಿಗೂಡಿಗೆ ಹಾಕಿಸಿಕೊಂಡಿದ್ದನ್ನು ಅವಳ ಗಂಡ 'ಎರಡೇ ದಿನ ಕೊಡಿ' ಎಂದು ಬಿಚ್ಚಿಕೊಂಡು ತಂದಿದ್ದ.

ಹಳೆಯ ವ್ಯಾಗನ್‌ಗಳ ಮೈಮೇಲಿನ ಬರಹ ಹುಡುಕುವುದು ಅವನ ಹುಚ್ಚು. ಯಾವ ಕಂಪನಿಯದು, ಎಷ್ಟು ಟನ್ ಹೊರುತ್ತಿತ್ತು, ಯಾವ ಯಾರ್ಡಿಗೆ ವಾಪಸಾಗಬೇಕಿತ್ತು ಎಂಬುದೆಲ್ಲ ಬಣ್ಣದ ಮೇಲೆ ಬಣ್ಣ ಬಿದ್ದು ಮುಚ್ಚಿಹೋಗಿರುತ್ತದೆ. ಅದನ್ನು ಪದರ ಪದರವಾಗಿ ಉಜ್ಜಿ ತೆಗೆಯುವುದರಲ್ಲೇ ಅವನ ಭಾನುವಾರಗಳು ಕಳೆಯುತ್ತಿದ್ದವು. ಈ ಬಾಗಿಲಿನಲ್ಲೂ ಮೇಲಿನ ಹಸಿರು, ಅದರಡಿಯ ಕೆಂಪು ಎರಡನ್ನೂ ಉಜ್ಜಿ ನಾಲ್ಕು ಬಿಳಿ ಅಂಕಿಗಳನ್ನು ಹೊರತೆಗೆದಿದ್ದ: ಏಳು, ಮೂರು, ನಾಲ್ಕು, ಒಂದು. ಐದನೆಯದು, ಕೊನೆಯದು, ಇನ್ನೂ ಹಸಿರಿನಡಿಯಲ್ಲೇ ಇತ್ತು. ಅದು ನಾಲ್ಕರೊಳಗಿದ್ದರೆ ಹಣ್ಣು ಸಾಗಿಸಲೆಂದೇ ಕಟ್ಟಿಸಿದ ವ್ಯಾಗನ್, ಅಂಥದ್ದರ ಒಂದು ಹಲಗೆಯೂ ಬೇರೆಲ್ಲೂ ಉಳಿದಿಲ್ಲ. ನಾಲ್ಕಕ್ಕಿಂತ ಹೆಚ್ಚಿದ್ದರೆ ಸಿಮೆಂಟು ಹೊತ್ತ ಮಾಮೂಲಿ ಗಾಡಿ. ಅಷ್ಟರಲ್ಲಿ ಅವನ ಹೃದಯ ನಿಂತುಹೋಯಿತು. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ. ಆ ಒಂದು ಅಂಕಿಯನ್ನಾದರೂ ಅವನಿಗೆ ತೆಗೆದುಕೊಡಬೇಕು, ಅಷ್ಟೇ ತಲೆಯಲ್ಲಿತ್ತು.

"ಇವತ್ತಾದ್ರೂ ಮೇಜಿನ ಮೇಲೆ ತಿಂಡಿ ತಿನ್ನಬಹುದಾ?" ಅತ್ತೆ ತಟ್ಟೆ ಹಿಡಿದು ನಿಂತೇ ಕೇಳಿದರು.

"ಒಂದೇ ಒಂದು ಅಂಕಿ, ಅತ್ತೆ."

"ನನ್ನ ಮಗನೂ ಹಾಗೇ ಅಂತಿದ್ದ. ತಿಂಗಳಿಂದ ನಿಂತ್ಕೊಂಡೇ ತಿಂತಿದ್ದೀನಿ, ಕುದುರೆ ಥರ."

ಆಗಲೇ ಕೋಳಿಗೂಡಿನ ಅಜ್ಜಿ ಹೊಸ್ತಿಲಲ್ಲಿ ಕಾಣಿಸಿಕೊಂಡರು. "ತಪ್ಪು ತಿಳ್ಕೋಬೇಡಮ್ಮ. ಸಾವಿನ ಮನೆಗೆ ಬಂದು ಬಾಗಿಲು ಕೇಳೋದು ಹ್ಯಾಗೆ ಅಂತ ಇಷ್ಟು ದಿನ ಸುಮ್ಮನಿದ್ದೆ. ಗೂಡಿಗೆ ಬೆಡ್‌ಶೀಟ್ ಕಟ್ಟಿದೀನಿ. ನಿನ್ನೆ ಬೆಕ್ಕು ಅದನ್ನ ಸರಿಸ್ಕೊಂಡು ಒಳಗೆ ಹೋಗಿದೆ, ಮಾವನ ಮನೆಗೆ ಹೋದ ಹಾಗೆ. ನನ್ನ ಕೋಳಿಗಳು ಕುಕ್ಕಿ ಓಡಿಸಿದವು ಅನ್ನು. ಆದ್ರೆ ಆ ಧೈರ್ಯ ದಿನಾ ಇರುತ್ತಾ?"

"ಅರ್ಧ ಗಂಟೆ ಅಜ್ಜಿ. ಈ ಮೂಲೆ ಉಜ್ಜಿಬಿಟ್ಟು ನಾನೇ ಹೊತ್ತು ತರ್ತೀನಿ."

ಅಜ್ಜಿ ಮೇಜಿನ ಹತ್ತಿರ ಬಂದು, ಅವಳ ಕೈಯಲ್ಲಿದ್ದ ಒದ್ದೆ ಉಪ್ಪುಕಾಗದ ನೋಡಿ, ತಡೆಯಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು.

"ಏನಾಯ್ತು?"

"ಏನಿಲ್ಲ. ಉಜ್ಜು."

"ಹೇಳಿ ಅಜ್ಜಿ."

"ಆ ಮೂಲೆ ಮುಟ್ಟಲ್ಲ ಅಂದಿದ್ದ ನಿನ್ನ ಗಂಡ." ಅಜ್ಜಿ ಐದನೆಯ ಅಂಕಿಯ ಜಾಗಕ್ಕೆ ಬೆರಳು ತೋರಿಸಿದರು. "ಹೆಬ್ಬೆಟ್ಟಿನ ಗುರುತು ಕಾಣುತ್ತಾ? ನಮ್ಮ ಯಜಮಾನರದು. ಬಣ್ಣ ಒಣಗಿದೆಯಾ ಅಂತ ಒತ್ತಿ ನೋಡೋ ಚಟ ಅವರಿಗೆ. ಹೊಸ ಬಣ್ಣ ಹಾಳು ಮಾಡಿದ್ರಿ ಅಂತ ಚೆನ್ನಾಗಿ ಬೈದೆ. ಮಾರನೇ ವಾರ ಅವರೇ ಇಲ್ಲ. ನಿನ್ನ ಗಂಡನಿಗೆ ಹೇಳಿದೆ. 'ಸರಿ ಅಜ್ಜಿ, ಅದೊಂದು ಬಿಟ್ಟೆ' ಅಂದ."

"ಬಿಟ್ಟ ಮೇಲೆ ಬಾಗಿಲು ಯಾಕೆ ಇಟ್ಕೊಂಡಿದ್ದ?" ಎಂದರು ಅತ್ತೆ, ತಮ್ಮ ತಿಂಗಳ ಕಷ್ಟ ನೆನೆದು.

"ಸುಮ್ಮನೆ ನೋಡ್ತಾ ಕೂರೋಕೆ. ಇನ್ನೆರಡು ದಿನ ನೋಡಿ ಕೊಡ್ತೀನಿ ಅಂತಿದ್ದ."

ಅವಳು ಬಗ್ಗಿ ನೋಡಿದಳು. ಹಸಿರಿನಲ್ಲಿ ಹೆಬ್ಬೆರಳಿನ ಗೆರೆಗಳು ಒಂದೊಂದೂ ಸ್ಪಷ್ಟವಾಗಿದ್ದವು. ಸಂಜೆ ಹೊತ್ತು ಅವನು ಇಲ್ಲಿ ಕೈಕಟ್ಟಿ ಕೂತಿರುತ್ತಿದ್ದ. ದಣಿದಿದ್ದಾನೆ ಎಂದುಕೊಂಡಿದ್ದಳು. ಹಾಗಾದರೆ ಅವನ ಕೈಯಿಂದ ಯಾರೂ ಏನನ್ನೂ ಅರ್ಧಕ್ಕೆ ಕಿತ್ತುಕೊಂಡಿರಲಿಲ್ಲ. ಕೆಲಸ ಮುಗಿದೇ ಇತ್ತು.

"ನಿಂಗೆ ಬೇಕಾದ್ರೆ ಉಜ್ಜಮ್ಮ," ಎಂದರು ಅಜ್ಜಿ ಮೆಲ್ಲಗೆ. "ಅವನಿದ್ದಾಗ ಬೇಡ ಅಂದೆ. ಈಗ ಯಾವ ಬಾಯಲ್ಲಿ ಬೇಡ ಅನ್ನಲಿ?"

ಉಪ್ಪುಕಾಗದ ಅವಳ ಕೈಯಲ್ಲೇ ಸ್ವಲ್ಪ ಹೊತ್ತು ಇತ್ತು, ನೀರು ತೊಟ್ಟಿಕ್ಕುತ್ತಾ. ಆಮೇಲೆ ಅದನ್ನು ಬಕೆಟ್ಟಿಗೆ ಹಾಕಿದಳು.

"ಅತ್ತೆ, ಆ ಕಡೆ ಹಿಡೀರಿ."

ಮೂವರೂ ಬಾಗಿಲು ಎತ್ತಿಕೊಂಡು ಬೀದಿಗಿಳಿದರು. ತಿರುವಿನಲ್ಲಿ ಅಂಗಡಿ ತೆರೆಯುತ್ತಿದ್ದ ಟೈಲರ್ ಬೆರಗಾಗಿ, "ಏನಮ್ಮಾ, ಮನೆ ಬಾಗಿಲೇ ಕಿತ್ಕೊಂಡು ಹೊರಟ್ರಿ?" ಎಂದ.

"ಗಾಳಿ ಬರಲಿ ಅಂತ!" ಎಂದರು ಅತ್ತೆ, ಏದುಸಿರು ಬಿಡುತ್ತಾ.

ಅವಳಿಗೆ ನಗು ಬಂದುಬಿಟ್ಟಿತು. ಅವಳ ಕಡೆಯ ತುದಿ ಗಡಗಡ ಅಲುಗಿತು. "ನಗೋದಾದ್ರೆ ಕೆಳಗಿಟ್ಟು ನಗು, ನನ್ನ ಕಾಲಿದೆ ಇಲ್ಲಿ," ಎಂದು ಅತ್ತೆ ಗದರಿದರು. ಕೆಳಗಿಟ್ಟು ನಕ್ಕಳು. ನಗುತ್ತಲೇ ಕಣ್ಣು ತುಂಬಿದ್ದು ಯಾವಾಗ ಎಂದು ತಿಳಿಯಲಿಲ್ಲ. ಇಬ್ಬರೂ ಹಿರಿಯರು ಬಾಗಿಲಿಗೆ ಒರಗಿ, ಅವಳದು ಮುಗಿಯುವ ತನಕ ಟೈಲರ್ ಅಂಗಡಿಯ ಬೋರ್ಡು ಓದುತ್ತಾ ನಿಂತರು.

ಗೂಡಿಗೆ ಬಾಗಿಲು ಕೂರಿಸುವಾಗ ಫೋನು ಬಂತು. ಅವನಂಥ ಹುಚ್ಚರನ್ನೆಲ್ಲ ಕೂಡಿಸಿಕೊಂಡಿದ್ದ ವ್ಯಾಗನ್ ಸಂಘದ ಅಧ್ಯಕ್ಷರು.

"ಈಗ ಕೇಳಬಾರದಮ್ಮ, ಕ್ಷಮಿಸು. ನಮ್ಮ ಪುಸ್ತಕ ಅಚ್ಚಿಗೆ ಹೋಗ್ತಿದೆ. ಆ ವ್ಯಾಗನ್ನು ಅವನ ಹೆಸರಲ್ಲೇ ಹಾಕ್ತೀವಿ. ನಂಬರು ಪೂರ್ತಿ ಸಿಕ್ಕಿತ್ತಾ ಅವನಿಗೆ?"

ಅವಳು ತುಟಿಯಲ್ಲಿ ಕಚ್ಚಿಕೊಂಡಿದ್ದ ಸ್ಕ್ರೂ ತೆಗೆದಳು. ಅತ್ತೆ ಬಾಗಿಲಿಗೆ ಭುಜ ಕೊಟ್ಟು ನಿಂತಿದ್ದರು. ಅಜ್ಜಿ ಬೆಡ್‌ಶೀಟು ಮಡಿಸುತ್ತಾ ಕಿವಿ ಇತ್ತ ಇಟ್ಟಿದ್ದರು.

"ಪೂರ್ತಿ ಸಿಕ್ಕಿತ್ತು ಸರ್. ಬರ್ಕೊಳ್ಳಿ. ಏಳು, ಮೂರು, ನಾಲ್ಕು, ಒಂದು..."

"ಹೂಂ, ಆಮೇಲೆ?"

"ಹಸಿರು."