ಹಿಂದಿನ ಸ್ಪೀಕರ್

"ಇಷ್ಟು ವರ್ಷ ನಿಮ್ಮ ನಾಟಕದ ಈ ಡಿಸ್ಕನ್ನ ಬರೀ ಸ್ಟೀರಿಯೋದಲ್ಲೇ ಕೇಳಿದ್ದೀರಾ ಮಾವ? ಇದರಲ್ಲಿ ಸರೌಂಡ್ ಕೂಡ ಇದೆ!" ಎಂದು ಅಳಿಯ ರಿಮೋಟ್ ಎತ್ತಿಕೊಂಡಾಗ ಅತ್ತೆ ಅವನ ಕೈ ತಡೆದಳು.

"ಬೇಡಪ್ಪ, ಎರಡೂ ಒಂದೇ ಅಲ್ವಾ?"

"ಎಲ್ಲಿಯ ಒಂದೇ, ಅತ್ತೆ! ಸ್ಟೀರಿಯೋದಲ್ಲಿ ವೇದಿಕೆಯ ಮೈಕುಗಳಷ್ಟೇ. ಸರೌಂಡ್‌ನಲ್ಲಿ ಮಾತು ನಡುವಿನ ಸ್ಪೀಕರಲ್ಲಿ, ಸಂಗೀತ ಅದರ ಅಕ್ಕಪಕ್ಕದಲ್ಲಿ, ಪ್ರೇಕ್ಷಕರ ಸದ್ದೆಲ್ಲ ನಮ್ಮ ಬೆನ್ನ ಹಿಂದೆ. ಯಾರಾದ್ರೂ ಪಿಸುಗುಟ್ಟಿದ್ರೂ ಕೇಳುತ್ತೆ."

ಅವಳ ಭಯವೂ ಅದೇ. ಗಂಡನ ಆ ಕೊನೆಯ ನಾಟಕದ ದಿನ, ಹಿಂದಿನ ಸಾಲಿನಲ್ಲಿ ಮೈಕಿನ ಪಕ್ಕದಲ್ಲೇ ಕೂತು ಅಕ್ಕನಿಗೆ ಹೇಳಿದ್ದಳು: "ಇವರಿಗೆ ನಾಟಕವೇ ಸಂಸಾರ. ನನ್ನ ಕೈಲಿ ಇನ್ನು ಆಗಲ್ಲ. ನಾಳೆ ಮಗೂನ ಕರ್ಕೊಂಡು ನಿನ್ನ ಮನೆಗೆ ಬಂದ್ಬಿಡ್ತೀನಿ." ಹೋಗುವುದು ಒಂದೊಂದೇ ದಿನ ಮುಂದಕ್ಕೆ ಬಿತ್ತು. ಅಷ್ಟರಲ್ಲಿ ಗಂಡನಿಗೆ ಮಂಡಿನೋವು ಬಂತು, ಬಣ್ಣ ಹಚ್ಚುವುದು ನಿಂತಿತು, ಸಂಜೆಯಾದರೆ ಮನೆಗೆ ಬರತೊಡಗಿದ. ಸಂಸಾರ ದಾರಿಗೆ ಬಂತು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಡಿಸ್ಕಿನಲ್ಲಿ ಸಿಕ್ಕಿಕೊಂಡ ಮಾತು ಎಲ್ಲಿಗೆ ಹೋಗುತ್ತದೆ? ಬೆಳೆದು ಮದುವೆಯಾದ ಆ ಮಗಳು ಈಗ ತನ್ನ ಗಂಡನ ಪಕ್ಕ ಕೂತು, ಕಣ್ಣರಳಿಸಿ ಅಪ್ಪನ ನಾಟಕ ನೋಡುತ್ತಿದ್ದಳು.

ಟಿವಿಯಲ್ಲಿ, ರಾಜನ ವೇಷದ ಮಾವ ಗರ್ಜಿಸಿ ಮೌನವಾಗುವ ದೃಶ್ಯ ಬಂತು. ಅವಳು ಪಿಸುಗುಟ್ಟಿದ್ದು ಆ ಮೌನದಲ್ಲೇ.

ಹಿಂದಿನಿಂದ ಒಂದು ಕೆಮ್ಮೂ ಬರಲಿಲ್ಲ.

"ಇದೇನು, ಹಿಂದಿನವೆರಡೂ ಸತ್ತೇ ಹೋಗಿವೆ! ಬೆಳಗ್ಗೆ ತಾನೇ ಜೋಡಿಸಿದ್ದೆ." ಅಳಿಯ ಏಳಹೋದ.

"ಕೂತ್ಕೊಳ್ಳಿ, ಈಗಲೇ ನನ್ನ ದೊಡ್ಡ ಮಾತು ಬರೋದು," ಎಂದು ಮಾವ ತಡೆದ.

ನೀರಿನ ನೆಪದಲ್ಲಿ ಅವಳು ಎದ್ದಳು. ಹಿಂದಿನ ಎರಡೂ ಸ್ಪೀಕರ್‌ಗಳ ವೈರು ಕಳಚಿ ನೆಲದ ಮೇಲೆ ಬಿದ್ದಿತ್ತು. ಅಡುಗೆಮನೆಗೆ ಗಂಡನೂ ಹಿಂದೆಯೇ ಬಂದ.

"ವೈರು ಕಿತ್ತಿದ್ದು ನೀವಾ?"

"ಹ್ಞೂಂ."

"ಅಂದ್ರೆ... ಆ ಮಾತು ಕೇಳಿದ್ದೀರಿ."

"ಡಿಸ್ಕ್ ಕೈಗೆ ಬಂದ ದಿನವೇ. ರೆಕಾರ್ಡ್ ಮಾಡಿದವನ ಮನೇಲಿ ಸರೌಂಡ್ ಇತ್ತು."

ಅವಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹೊರಗೆ ನಡುವಿನ ಸ್ಪೀಕರ್ ತುಂಬಿ ಅವನ ಹರೆಯದ ದನಿ ಮೊಳಗಿತು. ಮಗಳು ಚಪ್ಪಾಳೆ ತಟ್ಟಿದಳು. ಅದು ನಿಲ್ಲುವವರೆಗೂ ಅವನು ಬಾಗಿಲಿಗೊರಗಿ ಕೇಳಿದ.

"ನನ್ನ ಮಂಡಿಗೆ ಏನೂ ಆಗಿರಲಿಲ್ಲ ಕಣೇ," ಎಂದ.