ಒಂದೇ ಒಂದು ಒಳ್ಳೆಯ ಮಾತು

ತಮ್ಮ ತೀರಿಕೊಂಡ ಸುದ್ದಿ ಬೀದಿಗೆ ಬಿದ್ದ ಬೆಳಿಗ್ಗೆ, ಅಕ್ಕನ ಮನೆಗೆ ನೆಂಟರಿಗಿಂತ ಮೊದಲು ಓಡಿಬಂದವನು ಸಿನಿಮಾ ನಾಯಕ. ಕಣ್ಣಿಗೆ ಕಪ್ಪು ಕನ್ನಡಕ, ಹಿಂದೆ ಮ್ಯಾನೇಜರು, ಅವನ ಹಿಂದೆ ಟೀವಿಯವರ ದಂಡು. ಹೊಸ್ತಿಲಲ್ಲೇ ನಾಯಕನ ಅಳು ಶುರುವಾಯಿತು. "ಸಾರ್, ಕ್ಯಾಮೆರಾ ಇನ್ನೂ ಆನ್ ಆಗಿಲ್ಲ" ಎಂದು ಯಾರೋ ಹೇಳಿದರು. ಅಳು ನಿಂತಿತು.

ಅವನ ಅವಸರಕ್ಕೆ ಕಾರಣವಿತ್ತು. ತೀರಿಕೊಂಡ ತಮ್ಮ, ಪತ್ರಿಕೆಯೊಂದಕ್ಕೆ ಹೋಟೆಲುಗಳ ವಿಮರ್ಶೆ ಬರೆಯುತ್ತಿದ್ದ. ಹಿಂದಿನ ದಿನ ಮಧ್ಯಾಹ್ನ ಅವನು ಹೋಗಿ ಕೂತಿದ್ದು ಇದೇ ನಾಯಕನ ಹೊಸ ಹೋಟೆಲಿನಲ್ಲಿ. ಬಾಗಿಲಲ್ಲಿ ನಾಯಕನ ಆಳೆತ್ತರದ ಪ್ರತಿಮೆ, ಪ್ರವಾಸಿ ಬಸ್ಸುಗಳು ನಿಲ್ಲಲು ಅಡುಗೆಮನೆಯ ಹತ್ತರಷ್ಟು ಜಾಗ, ಪ್ರತಿ ತಿನಿಸಿಗೂ ಅವನದೊಂದು ಸಿನಿಮಾದ ಹೆಸರು. ಸಂಜೆ ಮನೆಗೆ ಬಂದು ಮಲಗಿದ ತಮ್ಮ ಬೆಳಿಗ್ಗೆ ಏಳಲಿಲ್ಲ. ಹೃದಯ ನಿಂತಿದೆ ಎಂದು ವೈದ್ಯರು ಹೇಳಿದರು. ಆದರೆ ಊರ ಬಾಯಿ ನಿಲ್ಲಬೇಕಲ್ಲ! 'ನಾಯಕನ ಹೋಟೆಲಿನಲ್ಲಿ ಉಂಡ ವಿಮರ್ಶಕ ಸಾವು' ಎಂದು ಟೀವಿಯಲ್ಲಿ ಕೆಂಪಕ್ಷರ ಓಡತೊಡಗಿತ್ತು. ಬೆಳಗಿನ ಬಸ್ಸುಗಳು ಅರ್ಧ ದಾರಿಯಲ್ಲೇ ಮೂತಿ ತಿರುಗಿಸಿದ್ದವು.

ನಾಯಕ ಅಕ್ಕನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕೈಮುಗಿದ. "ಅಮ್ಮಾ, ನೀವು ನನ್ನ ತಾಯಿ ಇದ್ದ ಹಾಗೆ. ಟೀವಿಯವರ ಮುಂದೆ ಒಂದೇ ಒಂದು ಒಳ್ಳೆ ಮಾತು ಹೇಳಿ. ನನ್ನ ತಮ್ಮ ಹೊಟ್ಟೆ ತುಂಬ ಉಂಡು ಖುಷಿಯಾಗಿ ಮನೆಗೆ ಬಂದ, ಆಮೇಲೆ ದೇವರು ಕರ್ಕೊಂಡ ಅಂತ. ಅಷ್ಟೇ."

"ಅವನು ಉಂಡಿದ್ದು ನೀನು ನೋಡಿದ್ಯೇನಪ್ಪ?"

"ನಾನು ಶೂಟಿಂಗಲ್ಲಿದ್ದೆ."

"ನೀನಾದ್ರೂ ಅಲ್ಲಿ ಒಂದಿನ ಉಂಡಿದೀಯ?"

"ನಾನು ಡಯಟಲ್ಲಿದೀನಮ್ಮ."

"ಪುಣ್ಯವಂತ."

"ಅವರದೊಂದು ದೊಡ್ಡ ಫೋಟೋ ಹಾಕಿಸ್ತೀನಿ, ನನ್ನ ಪ್ರತಿಮೆ ಪಕ್ಕದಲ್ಲೇ!"

ಅಕ್ಕ ಒಲೆಯ ಕಟ್ಟೆಗೆ ಒರಗಿ ನಿಂತಳು. ಒಂದು ಒಳ್ಳೆಯ ಮಾತು. ಅವಳೂ ತಮ್ಮನನ್ನು ಬೇಡಿಕೊಂಡಿದ್ದು ಅದನ್ನೇ. ಈ ನಾಯಕನ ಹಳೆಯ ಹೋಟೆಲಿನ ಬಗ್ಗೆ ತಮ್ಮ, 'ಗೋಡೆಯ ಮೇಲಿನ ಚಿತ್ರಗಳಲ್ಲಿ ನಾಯಕ ದುಷ್ಟರನ್ನು ಹೊಡೆಯುತ್ತಾನೆ, ತಟ್ಟೆಯಲ್ಲಿ ಗಿರಾಕಿಯನ್ನು' ಎಂದು ಬರೆದಿದ್ದ. "ಯಾಕೋ ಇನ್ನೊಬ್ಬರ ಹೊಟ್ಟೆ ಮೇಲೆ ಹೊಡೀತೀಯ? ಒಂದು ಒಳ್ಳೆ ಮಾತು ಬರೆದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ಅವಳು ಬೈದಿದ್ದಳು. "ನನ್ನ ಗಂಟು ಹೋಗಲ್ಲ ಕಣಕ್ಕ, ಬಸ್ಸಲ್ಲಿ ಬಂದವರದ್ದು ಹೋಗುತ್ತೆ. ಅವರು ಇನ್ನೊಂದು ಸಲ ಈ ಊರಿಗೆ ಬರಲ್ಲ ಅಂತ ಗೊತ್ತಿದ್ದೇ ಅಲ್ಲಿನ ಸೂಪಿಗೆ ಅಷ್ಟು ನೀರು ಹುಯ್ಯೋದು" ಎಂದು ಅವನು ನಕ್ಕಿದ್ದ.

ಈ ಸಲದ್ದನ್ನು ಬರೆಯುವ ಮೊದಲೇ ಹೋಗಿಬಿಟ್ಟ. ಅವನು ಏನು ಬರೆಯಲಿದ್ದ ಎಂಬುದು ಲೋಕದಲ್ಲಿ ಅವಳೊಬ್ಬಳಿಗೇ ಗೊತ್ತು. ಅವಳು ಸುಳ್ಳು ಹೇಳಿದರೆ, ಬದುಕಿದ್ದಾಗ ಎಂದೂ ಬರೆಯದ ಸುಳ್ಳು ಹೊಗಳಿಕೆ ಸತ್ತ ಮೇಲೆ ಅವನ ಹೆಸರಿಗೆ ಅಂಟುತ್ತದೆ. ಸುಮ್ಮನಿದ್ದರೆ, ಕೊಲ್ಲದವನ ತಲೆಗೆ ಕೊಲೆ ಕಟ್ಟಿದ ಪಾಪ.

"ನಿನ್ನ ಊಟದಿಂದ ಅವನು ಸಾಯಲಿಲ್ಲ ಅಂತ ಹೇಳ್ತೀನಿ. ನಿಜಾನೇ ಹೇಳ್ತೀನಿ. ಆಗಬಹುದಾ?"

"ಅಷ್ಟು ಸಾಕಮ್ಮ! ಬದುಕಿಸಿದ್ರಿ!"

ಹೊರಗೆ ಬಂದು ಅವಳು ಸೆರಗು ಸರಿಮಾಡಿಕೊಂಡಳು. "ನೋಡಿ, ನನ್ನ ತಮ್ಮನನ್ನ ಇವನ ಊಟ ಕೊಂದಿಲ್ಲ." ನಾಯಕ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಈಗ ಕ್ಯಾಮೆರಾ ಆನ್ ಆಗಿತ್ತು. "ಕೊಲ್ಲಬೇಕಾದ್ರೆ ಅದು ಹೊಟ್ಟೆಗೆ ಇಳೀಬೇಕಲ್ಲ? ಒಂದು ಚಮಚ ಬಾಯಿಗಿಟ್ಟು, ಕಾಗದಕ್ಕೆ ಉಗಿದು, ಎದ್ದು ಬಂದನಂತೆ. ಬಂದವನೇ 'ಅಕ್ಕಾ, ಹಸಿವು' ಅಂದ. ಗಂಜಿ ಕಾಯಿಸಿ ಕೊಟ್ಟೆ. ಕೊನೆಗೆ ಉಂಡಿದ್ದು ನನ್ನ ಕೈಯಿಂದ. ಯಾರನ್ನಾದ್ರೂ ಹಿಡೀಲೇಬೇಕು ಅಂದ್ರೆ ನನ್ನನ್ನ ಹಿಡ್ಕೊಂಡು ಹೋಗಿ."

ಟೀವಿಯ ಹುಡುಗಿ ಮೈಕನ್ನು ನಾಯಕನ ಮೂಗಿಗೆ ಹಿಡಿದಳು. "ಸಾರ್, ನಿಮ್ಮ ಊಟ ಬಾಯಲ್ಲಿಡೋಕೂ ಆಗಲಿಲ್ಲವಂತೆ. ಏನಂತೀರ?"

ನಾಯಕನ ಮುಖ ಕೆಂಡವಾಯಿತು. "ಸುಳ್ಳು! ಪೂರ್ತಿ ಉಂಡಿದಾರೆ! ಎರಡೆರಡು ಸಲ ಹಾಕಿಸಿಕೊಂಡಿದಾರೆ! ತಟ್ಟೆ ನೆಕ್ಕಿ ಎದ್ದು ಹೋಗಿದಾರೆ!"

"ಸಾರ್, ಬೇಡ ಸಾರ್..." ಎಂದು ಮ್ಯಾನೇಜರು ತೋಳು ಜಗ್ಗಿದ.

"ನೀನು ಬಾಯ್ಮುಚ್ಚಯ್ಯ! ಅವನು ನನ್ನ ಊಟ ತಿಂದೇ ಸತ್ತಿದ್ದು!"

ಟೀವಿಯವರಿಗೆ ಅದಕ್ಕಿಂತ ಹೆಚ್ಚೇನೂ ಬೇಕಿರಲಿಲ್ಲ. ಮ್ಯಾನೇಜರು ನಾಯಕನನ್ನು ಕಾರಿನೊಳಗೆ ತುರುಕಿದ. ಅವನ ಹಿಂದೆ ಎಲ್ಲರೂ ಓಡಿದರು. ಮನೆಯಲ್ಲಿ ಒಮ್ಮೆಲೇ ಸದ್ದಡಗಿತು.

ಅಕ್ಕ ಬಾಗಿಲು ಮುಂದೆ ಮಾಡಿ ಬಂದು ತಮ್ಮನ ತಲೆಯ ಬಳಿ ಕೂತಳು. ನಡೆದದ್ದನ್ನು ಕೇಳಿ ನಗಬೇಕಾದವನೇ ಅಲ್ಲಿ ಮಲಗಿದ್ದ. ಆಗ ಅವಳಿಗೆ ಅಳು ಬಂತು. ತುಂಬ ಹೊತ್ತು ಅತ್ತಳು. ಆಮೇಲೆ ಅವನ ಹೊದಿಕೆ ಸರಿಪಡಿಸಿ, ಕಣ್ಮುಚ್ಚಿ ಕೈ ಜೋಡಿಸಿದಳು.

"ದೇವರೇ, ಇವನ ಆತ್ಮಕ್ಕೆ ಶಾಂತಿ ಕೊಡು. ನಿನ್ನ ಮನೆಯಲ್ಲಿ ಊಟಕ್ಕೆ ಕೂರಿಸಿಕೊಂಡಾಗ, ಹೇಗಿದೆ ಅಂತ ಮಾತ್ರ ಕೇಳಬೇಡ, ತಂದೆ. ನಿನ್ನ ಮುಖ ನೋಡಿಕೊಂಡೂ ಇವನಿಗೆ ಸುಳ್ಳು ಹೇಳೋಕೆ ಬರಲ್ಲ."