ಮುನಿಯಲ್ಲಮ್ಮ ಹೇಳದ ಹೆಸರು

“ಹೆಸರು ಹೇಳಿ ಅಜ್ಜಿ. ಹೆಸರಿಲ್ದೆ ಇತಿಹಾಸ ಆಗಲ್ಲ.”

ಚನ್ನಕೇಶವ ಮೂರನೇ ಸಲ ಕೇಳಿದ. ಮುನಿಯಲ್ಲಮ್ಮ ತಲೆ ಎತ್ತಲಿಲ್ಲ. ನೆನೆಹಾಕಿದ ಅವರೆಕಾಳನ್ನು ಒಂದೊಂದಾಗಿ ಹಿತುಕುತ್ತಿದ್ದಳು. ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತಿತ್ತು.

೧೯೬೨ರ ಆ ಚಳಿಗಾಲದಲ್ಲಿ ಅವನು ಅಟ್ಟೂರಿಗೆ ಬಂದು ಅದು ನಾಲ್ಕನೇ ದಿನ. ರಾಜರ ಕಥೆ ಸಾಕು, ಇನ್ನು ಸಾಮಾನ್ಯರ ಬದುಕನ್ನು ಬರೆಯಬೇಕು ಎಂದು ಅವನು ಹೋದ ಸಭೆಯಲ್ಲೆಲ್ಲ ಗುಡುಗಿದ್ದ. ಆ ಸಾಮಾನ್ಯರನ್ನು ಒಂದು ಮಾತು ಕೇಳಿ ಬರೆಯಬೇಕು ಎಂದು ಮಾತ್ರ ಎಲ್ಲೂ ಹೇಳಿರಲಿಲ್ಲ. ಮೊದಲ ಪುಸ್ತಕದಲ್ಲಿ ಚಿಕ್ಕಬಾಣಾವರದ ಮುನಿಕೃಷ್ಣಪ್ಪನ ಮನೆಯ ಗುಟ್ಟನ್ನು ಹೆಸರು ಸಮೇತ ಅಚ್ಚು ಹಾಕಿಸಿದ. ಚನ್ನಕೇಶವನಿಗೆ ಬಹುಮಾನ ಬಂತು, ಮುನಿಕೃಷ್ಣಪ್ಪ ಊರು ಬಿಟ್ಟ. ‘ಸತ್ಯಕ್ಕೆ ದಾಕ್ಷಿಣ್ಯ ಇರಬಾರದು’ ಎಂದು ಎರಡನೇ ಮುದ್ರಣಕ್ಕೆ ಮುನ್ನುಡಿ ಬರೆದ.

ಈಗ ಮುನಿಯಲ್ಲಮ್ಮನ ಸರದಿ. ಕಥೆ ಊರವರಿಂದಲೇ ಸಿಕ್ಕಿತ್ತು. ನಲವತ್ತೆರಡು ವರ್ಷದ ಹಿಂದೆ ಜಮೀನು ಅಳೆಯಲು ಬಂದ ಅಧಿಕಾರಿಯೊಬ್ಬ ಪಟಾಲಮ್ಮನ ಗುಡಿಯಲ್ಲಿ ಇವಳ ಕೊರಳಿಗೆ ಅರಿಶಿನದ ದಾರ ಕಟ್ಟಿದ. ಅಳತೆ ಮುಗಿಯಿತು. ಸೀರೆ ತರುತ್ತೇನೆಂದು ಪೇಟೆಗೆ ಹೋದವನು ಅಲ್ಲೇ ಇನ್ನೊಂದು ಮದುವೆಯಾದನಂತೆ. ಹೊಟ್ಟೆಯಲ್ಲಿದ್ದ ಕೂಸು ಇವಳ ಪಾಲಿಗೆ ಉಳಿಯಿತು.

“ನನ್ ಎಸ್ರು ಬ್ಯಾಡಿ ಸ್ವಾಮಿ,” ಎಂದಳು ಮುನಿಯಲ್ಲಮ್ಮ. “ಉಗಾದಿ ಕಳುದ್ರೆ ಮೊಮ್ಮಗಳ ಮದ್ವೆ. ಅವಳ ತಾತ ದಂಡಿಗೆ ಸೇರ್ಕೊಂಡು ತಿರುಗಿ ಬರ್ಲಿಲ್ಲ ಅಂತ ಗಂಡಿನ ಕಡೆಯೋರ್ಗೆ ಏಳಿವ್ನಿ. ನಾಗಸಂದ್ರದ ಬೀಗ್ರು ಮೇಷ್ಟ್ರು, ಪುಸ್ತಕ ಓದೋರು. ಮದ್ವೆ ಮುರುದೋಯ್ತದೆ.”

“ಹೆಸರು ಬದಲಾಯಿಸಿದ್ರೆ ಅದು ಕಾದಂಬರಿ ಆಗುತ್ತೆ ಅಜ್ಜಿ.”

“ಆಗಾದ್ರೆ ಅವ್ರ ಎಸ್ರೂ ಆಕ್ಬೇಕು. ನಂದೊಂದೇ ಆಕಂಗಿಲ್ಲ.”

“ಅದನ್ನೇ ತಾನೆ ಬೆಳಿಗ್ಗೆಯಿಂದ ಕೇಳ್ತಿರೋದು!”

“ಕಟ್ಕೊಂಡೋರ ಎಸ್ರು ಬಾಯಲ್ಲಿ ಏಳ್ಬಾರ್ದಲ್ಲ.”

ಚನ್ನಕೇಶವನಿಗೆ ನಗು ಬಂತು. ಬಿಟ್ಟು ಹೋದವನಿಗಾಗಿ ಹಣೆ ತುಂಬ ಕುಂಕುಮ, ಮೇಲೆ ಈ ಮರ್ಯಾದೆ ಬೇರೆ! ‘ಗಂಡನ ಹೆಸರು ಹೇಳದ ಮೌಢ್ಯ’ ಎಂದು ಟಿಪ್ಪಣಿ ಮಾಡಿಕೊಂಡ. “ಸುಳಿವಾದ್ರೂ ಕೊಡಿ.”

“ಏಳು ಬೆಟ್ಟದ ಮ್ಯಾಲೆ ಕುಂತವ್ನಲ್ಲ, ಆ ದೇವ್ರುದ್ದು.”

“ವೆಂಕಟ! ಸರ್ಕಾರಿ ಕಚೇರೀಲಿ ಅರ್ಧಕ್ಕರ್ಧ ವೆಂಕಟರೇ ಅಜ್ಜಿ.”

ಅವಳು ಅವನ ಕೈಯನ್ನೇ ನೋಡುತ್ತಿದ್ದಳು. “ಎಡಗೈಲಿ ಬರೀತೀರಲ್ಲ?”

“ತಂದೆಯವರಿಂದ ಬಂದದ್ದು. ಸ್ಕೂಲಲ್ಲಿ ಏಟು ತಿಂದ್ರೂ ಬಿಡ್ಲಿಲ್ಲ.”

“ಅವ್ರು ಚೆಂದಾಗವ್ರಾ?”

“ಇದಾರೆ. ಕಣ್ಣು ಮಂಜಾಗಿದೆ. ನನ್ನ ಪುಸ್ತಕ ಬಂದ್ರೆ ನಾನೇ ಪೂರ್ತಿ ಓದಿ ಹೇಳ್ಬೇಕು.”

ಹಳ್ಳಿಯವರ ಉಪಚಾರದ ಮಾತು ಎಂದುಕೊಂಡು ಅವನು ಪುಟ ತಿರುವಿದ. ಅವಳು ಮತ್ತೆ ಕಾಳಿಗೆ ಕೈಹಾಕಿದಳು.

“ಒಂದು ಪತ್ರ ಬರ್ಕೊಡಿ ಸ್ವಾಮಿ. ಅವ್ರ ಎಸ್ರು ತಿಳಿದ್ಮ್ಯಾಕೆ ಮುಚ್ಚಾಕಲ್ಲ, ಆಕಿದ್ರೆ ಎರಡೂ ಆಕ್ತೀನಿ, ಇಲ್ಲಾಂದ್ರೆ ಎರಡೂ ಇಲ್ಲ ಅಂತ. ಆಮ್ಯಾಕೆ ಎಸ್ರು ನಿಮಗೇ ಗೊತ್ತಾಯ್ತದೆ.”

ಇಷ್ಟು ಅಗ್ಗಕ್ಕೆ ಕೆಲಸ ಆಗುತ್ತದೆ ಎಂದು ಚನ್ನಕೇಶವ ಎಣಿಸಿರಲಿಲ್ಲ. ‘ಆತ ಎಷ್ಟೇ ದೊಡ್ಡ ಮನುಷ್ಯನಾಗಿದ್ದರೂ ಸರಿ’ ಎಂದು ತಾನೇ ಒಂದು ಸಾಲು ಸೇರಿಸಿ, ರುಜು ಎಳೆದ.

“ಬಿನ್ ಎಲ್ಲಿ? ಶಾನುಭೋಗ್ರು ಬಿನ್ ಇಲ್ದಿರೋ ಪತ್ರ ಕೈಲೂ ಮುಟ್ಟಲ್ಲ.”

ಇಂಥವರ ಮಗ ಎಂದು ಕಾಣಿಸದೆ ಈ ಸೀಮೆಯಲ್ಲಿ ಯಾವ ಪತ್ರವೂ ನಡೆಯದು. ಅಜ್ಜಿಯ ಕಾನೂನಿಗೆ ನಗುತ್ತ ಅವನು ಅದನ್ನೂ ಬರೆದ. ತಂದೆಯ ಹುದ್ದೆ ಹೇಳಿಕೊಳ್ಳುವುದು ಅವನ ಹಳೆಯ ಚಟ, ಅದನ್ನೂ ಸೇರಿಸಿದ.

“ನಂಗೆ ಓದಾಕ್ ಬರಲ್ಲ. ಗಟ್ಟಿಯಾಗಿ ಓದಿ.”

“ಚನ್ನಕೇಶವ, ಬಿನ್ ವೆಂಕಟರಾಮಯ್ಯ, ನಿವೃತ್ತ ಸರ್ವೆ...”

ಓದುವುದನ್ನು ನಿಲ್ಲಿಸಿ, ತಾನೇ ಬರೆದ ಆ ಸಾಲನ್ನು ಮತ್ತೆ ಮೊದಲಿನಿಂದ ನೋಡಿದ.

ಮುನಿಯಲ್ಲಮ್ಮ ಸೆರಗಿಗೆ ಕೈ ಒರೆಸಿಕೊಂಡಳು. “ನಾನು ಏಳ್ಬಾರ್ದ ಎಸ್ರು ನೀನೇ ಏಳ್ದೆ ಮಗ. ಈಗ ಅದ್ರ ಪಕ್ಕದಾಗೆ ನಿಮ್ ದೊಡ್ಡಮ್ಮನ ಎಸ್ರು ಬರ್ಕೊ.”